ಕಡಲಿಲ್ಲದ ಊರಿನ ದೀಪಸ್ತಂಭ

ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಬಂದರಿನ ದೀಪಸ್ತಂಭಕ್ಕೆ ಒಂದು ಖಾಯಂ ಜಾಗವಿದೆ. ಕೆಲವು ಕೆಲಸಗಳನ್ನು ಸರ್ಕಾರವೇ ಯಾಕೆ ಮಾಡಬೇಕು ಎಂಬ ಪ್ರಶ್ನೆ ಎದ್ದಾಗಲೆಲ್ಲ ಆ ಉದಾಹರಣೆ ಮುಂದೆ ಬರುತ್ತದೆ. ಬಂಡೆಯ ಮೇಲೆ ದೀಪ ಹಚ್ಚಿಟ್ಟರೆ ದುಡ್ಡು ಕೊಟ್ಟ ಹಡಗಿಗೂ ಅದು ಕಾಣುತ್ತದೆ, ಕೊಡದ ಹಡಗಿಗೂ ಕಾಣುತ್ತದೆ. ಕೊಡದವನ ಕಣ್ಣಿಗೆ ಮಾತ್ರ ಬೆಳಕು ಬೀಳದಂತೆ ಮಾಡುವ ಉಪಾಯವಿಲ್ಲ. ಆದ್ದರಿಂದ ಕಡ್ಡಾಯದ ಸುಂಕದ ಆಸರೆಯಿಲ್ಲದೆ, ಬರೀ ಸ್ವಂತ ಲಾಭ ನೋಡಿ ಯಾರೂ ದೀಪಸ್ತಂಭ ಕಟ್ಟಲಾರರು ಎಂದು ಜಾನ್ ಸ್ಟುವರ್ಟ್ ಮಿಲ್ 1848ರಲ್ಲೇ ಬರೆದಿದ್ದ. ಆಮೇಲಿನ ಪಂಡಿತರು ಅದನ್ನೇ ಪಾಠವಾಗಿ ಒಪ್ಪಿಸುತ್ತ ಬಂದರು. 1974ರಲ್ಲಿ ರೊನಾಲ್ಡ್ ಕೋಸ್ ಇಂಗ್ಲೆಂಡಿನ ಹಳೆಯ ಕಡತಗಳನ್ನು ಬಿಚ್ಚಿ, ಅಲ್ಲಿನ ಎಷ್ಟೋ ದೀಪಸ್ತಂಭಗಳನ್ನು ಖಾಸಗಿಯವರೇ ಕಟ್ಟಿ, ಬಂದರಿಗೆ ಬಂದ ಹಡಗುಗಳಿಂದ ಸುಂಕ ಎತ್ತಿ ನಡೆಸಿದ್ದರೆಂದು ತೋರಿಸಿದ ಮೇಲೆ ಆ ಪಾಠಕ್ಕೆ ಮೊದಲ ಪೆಟ್ಟು ಬಿತ್ತು. ಈ ದೂರದ ಜಗಳ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಗೆ ತೀರಾ ಹತ್ತಿರದ್ದು. ಅಲ್ಲಿ ಕಡಲಿಲ್ಲ, ಬಂದರಿಲ್ಲ. ಇರುವುದು ಕೃಷ್ಣಾ ನದಿ, ಅದಕ್ಕೆ ಅಡ್ಡಲಾಗಿ 1989ರಲ್ಲಿ ರೈತರು ತಾವೇ ಕಟ್ಟಿಕೊಂಡ ಬ್ಯಾರೇಜು. ದುಡ್ಡು ಕೊಟ್ಟವನ ಹೊಲಕ್ಕೂ ಕೊಡದವನ ಹೊಲಕ್ಕೂ ಒಂದೇ ನದಿಯ ನೀರು ನಿಲ್ಲುವುದರಿಂದ, ಮಿಲ್‌ನ ಲೆಕ್ಕದ ಪ್ರಕಾರ ಅದೂ ಯಾರೂ ಕಟ್ಟಲಾರದ ವಸ್ತುವೇ. ಆದರೂ ಅದು ಎದ್ದಿತು, ನಿಂತಿತು, ಊರಿನ ಹೆಸರನ್ನು ದೇಶಕ್ಕೆ ತಿಳಿಸಿತು. ಕಟ್ಟಿದ ಸಾಹಸವನ್ನು ನಾವು ಬೇಕಾದಷ್ಟು ಹೊಗಳಿದ್ದೇವೆ. ಅದನ್ನು ಕಾಯ್ದುಕೊಂಡು ಬರುವ ಕೆಲಸವನ್ನು ಮಾತ್ರ ಚರಿತ್ರೆಯೆಂದು ಎಣಿಸಿಲ್ಲ. ಚಿಕ್ಕಪಡಸಲಗಿಯ ನಿಜವಾದ ಚರಿತ್ರೆ ಆ ಎರಡನೆಯ ಕೆಲಸದಲ್ಲಿದೆ ಎಂಬುದು ಈ ಬರಹದ ವಾದ.

ಮೊದಲು ಊರು. ಬಾಗಲಕೋಟೆ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ ಚಿಕ್ಕಪಡಸಲಗಿ ಇದೆ. ಇನ್ನೂ ಉತ್ತರಕ್ಕೆ ವಿಜಯಪುರ ಜಿಲ್ಲೆ. 1997ರ ಆಗಸ್ಟ್ 15ರವರೆಗೆ ಎರಡೂ ಸೀಮೆಗಳು ಒಂದೇ ಅಖಂಡ ವಿಜಾಪುರ ಜಿಲ್ಲೆಗೆ ಸೇರಿದ್ದವು. ಅದಕ್ಕೂ ಹಿಂದೆ ಈ ಸೀಮೆ ಸಂಸ್ಥಾನಗಳ ಮತ್ತು ಬ್ರಿಟಿಷ್ ಸರ್ಕಾರದ ತುಂಡುತುಂಡು ಹಂಚಿಕೆಯಲ್ಲಿ ಇತ್ತು: ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು, ಸುತ್ತಲೂ ಬ್ರಿಟಿಷರ ವಿಜಾಪುರ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಕರಗಿದವು, 1956ರಲ್ಲಿ ಇಡೀ ಸೀಮೆ ಕನ್ನಡ ರಾಜ್ಯಕ್ಕೆ ಬಂತು. ಆಳುವವರು ಬದಲಾದರೂ ಬದಲಾಗದೇ ಉಳಿದದ್ದು ಬರ. 1876ರಿಂದ 78ರವರೆಗಿನ ಬರಗಾಲ ವಿಜಾಪುರ ಸೀಮೆಯನ್ನು ಹಿಂಡಿದ ಬಗೆ ಬ್ರಿಟಿಷರ ಗೆಜೆಟಿಯರುಗಳಲ್ಲಿಯೇ ದಾಖಲಾಗಿದೆ. ಅದಕ್ಕೂ ಮುಂಚಿನ ಡೋಗಿ ಬರದ ನೆನಪು ಹಳ್ಳಿಯ ಮಾತಿನಲ್ಲಿ ಬಹುಕಾಲ ಉಳಿದಿತ್ತು. ಬರದ ನಾಡಿನ ನಡುವೆ ದೊಡ್ಡ ನದಿ ಹರಿಯುವುದು ಈ ಸೀಮೆಯ ವಿಚಿತ್ರ. ಮಹಾಬಳೇಶ್ವರದ ಘಟ್ಟದಲ್ಲಿ ಸುರಿದ ಮಳೆ ಆಷಾಢ ಶ್ರಾವಣದಲ್ಲಿ ದಂಡೆ ಮೀರಿ ಬರುತ್ತದೆ, ಹೊಲಕ್ಕೆ ನುಗ್ಗುತ್ತದೆ. ಶಿವರಾತ್ರಿ ದಾಟುವುದರೊಳಗೆ ಪಾತ್ರ ಬತ್ತಿ ಅಲ್ಲಲ್ಲಿ ಮಡುಗಳು ಉಳಿಯುತ್ತವೆ. ನೀರು ಬೇಡವಾದಾಗ ಬರುವುದು, ಬೇಕಾದಾಗ ಹೋಗಿಬಿಡುವುದು ಕೃಷ್ಣೆಯ ಇಲ್ಲಿನ ಸ್ವಭಾವ. ದಂಡೆಯ ಎರಿ ಭೂಮಿಯಲ್ಲಿ ಪಂಪ್‌ಸೆಟ್ ಕೂರಿಸಿದ ರೈತನಿಗೆ ಮಾರ್ಚಿನಿಂದ ಮೇವರೆಗಿನ ಮೂರು ತಿಂಗಳೇ ಇಡೀ ವರ್ಷದ ಹಣೆಬರಹ. ಕಬ್ಬಿಗಾಗಲಿ ದನದ ಮೇವಿಗಾಗಲಿ ಆ ಮೂರು ತಿಂಗಳ ನೀರಿಲ್ಲದಿದ್ದರೆ ಉಳಿದ ಒಂಬತ್ತು ತಿಂಗಳು ದುಡಿದದ್ದು ನಷ್ಟಕ್ಕೆ ಜಮೆ.

ಇದು ಸರ್ಕಾರಕ್ಕೆ ಗೊತ್ತಿರಲಿಲ್ಲ ಎಂದಲ್ಲ. ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ಕೃಷ್ಣಾ ನೀರಿನ ಹಂಚಿಕೆಯ ಬಗ್ಗೆ ಬಚಾವತ್ ನ್ಯಾಯಮಂಡಳಿ ತನ್ನ ತೀರ್ಪು ಕೊಟ್ಟದ್ದು 1973ರಲ್ಲಿ. ಆಲಮಟ್ಟಿಯನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದ್ದು 2006ರ ಆಗಸ್ಟ್ 21ರಂದು. ಅಡಿಗಲ್ಲಿಗೂ ಅರ್ಪಣೆಗೂ ನಡುವೆ ನಲವತ್ತೆರಡು ವರ್ಷ. ಒಬ್ಬ ರೈತನ ದುಡಿಮೆಯ ಆಯುಷ್ಯವೇ ಅಷ್ಟು. ನದಿಯ ಮೇಲ್ಭಾಗದ ಹಿಪ್ಪರಗಿ ಬ್ಯಾರೇಜಿನ ಕಥೆಯೂ ಹೀಗೆಯೇ ದಶಕಗಳ ಕಾಲ ಎಳೆಯಿತು. ಯೋಜನೆಗಳು ದೊಡ್ಡವು, ತಕರಾರುಗಳು ರಾಜ್ಯ ರಾಜ್ಯಗಳ ನಡುವಿನವು, ಹಣಕಾಸು ಎಂದೂ ಸಾಲದ್ದು; ತಡವಾದದ್ದಕ್ಕೆ ಕಾರಣಗಳಿದ್ದವು, ಒಪ್ಪೋಣ. ಆದರೆ ಕಾರಣ ಗೊತ್ತಾದ ಮಾತ್ರಕ್ಕೆ ಹೊಲಕ್ಕೆ ನೀರು ಬರುವುದಿಲ್ಲ. 1980ರ ದಶಕದ ಕೊನೆಗೆ ಕೃಷ್ಣೆಯ ಎರಡೂ ದಂಡೆಗಳ ರೈತರ ಮುಂದೆ ಇದ್ದ ಪ್ರಶ್ನೆ ಸರಳವಾಗಿತ್ತು. ಮಳೆಗಾಲ ಮುಗಿದ ಮೇಲೆ ಹರಿದು ಹೋಗುವ ಕೊನೆಯ ನೀರನ್ನಾದರೂ ಪಾತ್ರದಲ್ಲೇ ಹಿಡಿದು ನಿಲ್ಲಿಸಲು ಎಷ್ಟು ದುಡ್ಡು, ಎಷ್ಟು ಆಳು ಬೇಕು? ನದಿಯ ಮೇಲೆ ಗಡಿಯಾಚೆಯ ಕೊಲ್ಹಾಪುರ ಸೀಮೆಯಲ್ಲಿ ಇಂಥ ಬಂಧಾರಗಳು ಹೊಸದೇನಾಗಿರಲಿಲ್ಲ. ಮಳೆಗಾಲದ ಪೂರವನ್ನು ತಡೆಯದೆ ಬಿಡುವುದು, ಪೂರ ಇಳಿದ ಮೇಲೆ ತೂಬು ಮುಚ್ಚಿ ತಗ್ಗಿನ ಪಾತ್ರವನ್ನೇ ಕೆರೆಯಾಗಿ ಮಾಡಿಕೊಳ್ಳುವುದು ಅವುಗಳ ತತ್ತ್ವ. ಹೊಲ ಮುಳುಗುವುದಿಲ್ಲ, ಊರು ಎತ್ತಂಗಡಿಯಾಗುವುದಿಲ್ಲ, ಕಾಲುವೆ ತೋಡಬೇಕಿಲ್ಲ. ನೀರು ದಂಡೆಯ ಪಂಪಿನ ಬಾಯಿಗೇ ಬಂದು ನಿಲ್ಲುತ್ತದೆ.

ಕೃಷ್ಣಾ ತೀರ ರೈತ ಸಂಘ ಕಟ್ಟಿದವರು, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ, ಮಾಡಿದ್ದು ಇದನ್ನೇ. ಸರ್ಕಾರದ ಯೋಜನೆಯನ್ನು ಕಾಯದೆ ಊರೂರು ತಿರುಗಿ ಪಟ್ಟಿ ಎತ್ತಿದರು. ದುಡ್ಡಿದ್ದವರು ದುಡ್ಡು ಕೊಟ್ಟರು, ಇಲ್ಲದವರು ಮೈ ಕೊಟ್ಟರು. ದಿನವೂ ನೂರಾರು ಜನ ಶ್ರಮದಾನಕ್ಕೆ ನದಿಗೆ ಇಳಿದರು. 1989ರಲ್ಲಿ ಬ್ಯಾರೇಜು ಮುಗಿಯಿತು. ಖರ್ಚು ಒಂದು ಕೋಟಿ ರೂಪಾಯಿಯ ಆಸುಪಾಸು, ಅಂದಿನ ಬೆಲೆಯಲ್ಲಿ ಅದು ಹಳ್ಳಿಗಳ ಗುಂಪೊಂದಕ್ಕೆ ಹುಡುಗಾಟದ ಮೊತ್ತವಲ್ಲ. ಅದರ ಹಿಂದೆ ನಿಂತ ನೀರಿಗೆ ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಎರಡು ವರ್ಷಗಳ ನಂತರ, 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಿಂದ ನಿಂತ ನ್ಯಾಮಗೌಡರು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು, ಪಿ.ವಿ. ನರಸಿಂಹರಾಯರ ಸರ್ಕಾರದಲ್ಲಿ ಕಲ್ಲಿದ್ದಲು ಖಾತೆಯಲ್ಲಿ ಮಂತ್ರಿಯಾದರು. ಜನ ಅವರನ್ನು ಬ್ಯಾರೇಜ್ ಸಿದ್ದು ಎಂದೇ ಕರೆದರು. 2018ರ ಮೇ 28ರಂದು, ಜಮಖಂಡಿಯಿಂದ ಎರಡನೆಯ ಬಾರಿ ಶಾಸಕರಾಗಿ ಗೆದ್ದ ಕೆಲವೇ ದಿನಗಳಲ್ಲಿ, ತುಳಸಿಗೇರಿಯ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗಲೂ ಪತ್ರಿಕೆಗಳು ಅವರ ಹೆಸರಿನ ಹಿಂದೆ ಮಂತ್ರಿ ಪದವಿಗಿಂತ ಮೊದಲು ಬರೆದದ್ದು ಈ ಬ್ಯಾರೇಜನ್ನೇ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಇದೆಲ್ಲ ಒಬ್ಬ ಮನುಷ್ಯನ ವರ್ಚಸ್ಸಿನ ಫಲ, ಅಂಥ ಮುಂದಾಳು ಸಿಕ್ಕ ಊರಿಗೆ ಸಿಕ್ಕಿತು, ಸಿಗದ ಊರಿಗೆ ಇಲ್ಲ. ಹೀಗಿರುವಾಗ ಇದರಿಂದ ಬೇರೆಯವರು ಕಲಿಯುವುದೇನು ಎಂಬುದು ಆ ಆಕ್ಷೇಪ. ಮುಂದಾಳು ಬೇಕು, ನಿಜ. ಆದರೆ ಮುಂದಾಳು ಒಬ್ಬನೇ ನದಿಗೆ ಅಡ್ಡ ಗೋಡೆ ಎತ್ತುವುದಿಲ್ಲ. ಪಟ್ಟಿ ಎತ್ತಲು ಬಂದವನ ಮೇಲೆ ನಂಬಿಕೆ ಹುಟ್ಟಬೇಕಾದರೆ ಲೆಕ್ಕ ಒಪ್ಪಿಸುವ ರೂಢಿ ಮೊದಲೇ ಇರಬೇಕು, ಆ ರೂಢಿ ಈ ಸೀಮೆಗೆ ಹಳೆಯದು. ಗದುಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಆಮೇಲಿನ ಎಂಬತ್ತು ವರ್ಷಗಳಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳು ಸೊಸೈಟಿಗಳನ್ನು, ನೇಕಾರರ ಸಂಘಗಳನ್ನು, ಸಕ್ಕರೆ ಕಾರ್ಖಾನೆಗಳನ್ನು ಶೇರು ಹಾಕಿ ಕಟ್ಟಿ ನಡೆಸಿವೆ, ಕೆಲವನ್ನು ಕೆಡಿಸಿಯೂ ಇವೆ. ಶೇರಿನ ಪಾವತಿ, ವಾರ್ಷಿಕ ಸಭೆ, ಜಮಾ ಖರ್ಚಿನ ಓದು ಇವೆಲ್ಲ ಜಮಖಂಡಿ, ಬನಹಟ್ಟಿ ಸೀಮೆಯ ರೈತನಿಗೂ ನೇಕಾರನಿಗೂ ಪರಿಚಿತ ಸಂಗತಿಗಳು. ನ್ಯಾಮಗೌಡರ ಹಿರಿಮೆ ಇರುವುದು ಆ ಪರಿಚಯವನ್ನು ಸಾಲ ಸಕ್ಕರೆಗಳ ಆಚೆಗೆ ಒಯ್ದು ನದಿಗೆ ಹಚ್ಚಿದ್ದರಲ್ಲಿ. ಎಲಿನಾರ್ ಆಸ್ಟ್ರಮ್ ಎಂಬ ಅಮೆರಿಕದ ವಿದ್ವಾಂಸೆ ನೀರು, ಕಾಡು, ಮೀನುಗಾರಿಕೆಯಂಥ ಊರೊಟ್ಟಿನ ಸಂಪತ್ತನ್ನು ಜನ ತಾವೇ ಕಟ್ಟಳೆ ಮಾಡಿಕೊಂಡು ಕಾಯ್ದುಕೊಳ್ಳಬಲ್ಲರೆಂದು ಜಗತ್ತಿನ ನಾನಾ ಕಡೆಯ ಪುರಾವೆ ಕೂಡಿಸಿ ಪುಸ್ತಕ ತಂದದ್ದು 1990ರಲ್ಲಿ; 2009ರಲ್ಲಿ ಅವರಿಗೆ ನೊಬೆಲ್ ಬಂತು. ಚಿಕ್ಕಪಡಸಲಗಿಯ ಬ್ಯಾರೇಜು ಆ ಪುಸ್ತಕಕ್ಕಿಂತ ಒಂದು ವರ್ಷ ಹಿರಿದು.

ಇನ್ನೊಂದು ಮಾತು ಇದಕ್ಕೆ ಅಂಟಿಕೊಂಡಿದೆ. ಇದನ್ನು ದೇಶದ ಮೊದಲ ಖಾಸಗಿ ಬ್ಯಾರೇಜು ಎಂದು ಎಲ್ಲೆಡೆ ಬರೆಯುತ್ತಾರೆ. ಮೊದಲನೆಯದೋ ಅಲ್ಲವೋ ಎಂಬ ಪೈಪೋಟಿಯಲ್ಲಿ ನನಗೆ ಆಸಕ್ತಿ ಕಡಿಮೆ. ಆದರೆ ಖಾಸಗಿ ಎಂಬ ಗುರುತು ತಪ್ಪು ದಾರಿಗೆ ಒಯ್ಯುತ್ತದೆ. ಖಾಸಗಿಯೆಂದರೆ ಒಡೆಯನಿದ್ದಾನೆ, ಲಾಭವಿದೆ, ಬೇಡವಾದವನನ್ನು ಹೊರಗಿಡುವ ಬಾಗಿಲಿದೆ. ಇಲ್ಲಿ ಮೂರೂ ಇಲ್ಲ. ಕೋಸ್ ತೋರಿಸಿದ ಇಂಗ್ಲೆಂಡಿನ ದೀಪಸ್ತಂಭಗಳೊಡನೆ ಹೋಲಿಸಿದರೆ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಪ್ಲಿಮತ್ ಬಂದರಿನಾಚೆಯ ಎಡಿಸ್ಟೋನ್ ಬಂಡೆಯ ಮೇಲೆ ಹೆನ್ರಿ ವಿನ್‌ಸ್ಟ್ಯಾನ್ಲಿ 1698ರಲ್ಲಿ ಮೊದಲ ದೀಪ ಹಚ್ಚಿದ. 1703ರ ಮಹಾ ಬಿರುಗಾಳಿಯಲ್ಲಿ ಸ್ತಂಭವೂ ಹೋಯಿತು, ಅದರೊಳಗಿದ್ದ ಅವನೂ ಹೋದ. ಆ ದೀಪಸ್ತಂಭದ ಖರ್ಚು ಹುಟ್ಟುತ್ತಿದ್ದದ್ದು ಹಾದುಹೋಗುವ ಹಡಗುಗಳ ಮೇಲಿನ ಟನ್ನಿನ ಲೆಕ್ಕದ ಸುಂಕದಿಂದ. ಕೋಸ್‌ನನ್ನು ಟೀಕಿಸಿದವರು ಇಲ್ಲಿಯೇ ಬೆರಳಿಟ್ಟರು: ಆ ಸುಂಕ ಎತ್ತುವ ಹಕ್ಕನ್ನು ಕೊಟ್ಟವನು ರಾಜ, ಕೊಡದ ಹಡಗನ್ನು ಬಂದರಿನಲ್ಲಿ ತಡೆದು ನಿಲ್ಲಿಸುತ್ತಿದ್ದವರು ಸುಂಕದ ಅಧಿಕಾರಿಗಳು; ಸರ್ಕಾರದ ದಂಡ ಹಿಂದೆ ಇಲ್ಲದೆ ಆ ಖಾಸಗಿ ದೀಪ ಒಂದು ರಾತ್ರಿಯೂ ಉರಿಯುತ್ತಿರಲಿಲ್ಲ. ಟೀಕೆ ಸರಿಯಾದದ್ದೇ. ಕೊನೆಗೆ 1836ರಲ್ಲಿ ಬ್ರಿಟಿಷ್ ಸಂಸತ್ತು ಕಾಯ್ದೆ ತಂದು ಉಳಿದ ಖಾಸಗಿ ದೀಪಸ್ತಂಭಗಳನ್ನೆಲ್ಲ ಕೊಂಡುಕೊಳ್ಳುವ ದಾರಿ ಮಾಡಿತು. ಚಿಕ್ಕಪಡಸಲಗಿಯ ಸಂಘಕ್ಕೆ ಹೀಗೆ ಸುಂಕ ಎತ್ತುವ ರಾಜಪತ್ರ ಯಾವುದೂ ಇರಲಿಲ್ಲ. ಪಟ್ಟಿ ಕೊಡದವನ ಪಂಪಿನ ವೈರು ಕೀಳುವ ಅಧಿಕಾರ ಇರಲಿಲ್ಲ. ಇದ್ದದ್ದು ಊರ ಮುಂದೆ ಮುಖ ತೋರಿಸಬೇಕೆಂಬ ಒತ್ತಾಯವೊಂದೇ. ಆದ್ದರಿಂದ ಇದು ಖಾಸಗಿ ಸಾಹಸದ ಉದಾಹರಣೆಯೂ ಅಲ್ಲ, ಸರ್ಕಾರಿ ಕಾಮಗಾರಿಯೂ ಅಲ್ಲ, ಊರೊಟ್ಟಿನ ಕೆಲಸ. ಮಾರುಕಟ್ಟೆ ಮಾಡಬೇಕೋ ಸರ್ಕಾರ ಮಾಡಬೇಕೋ ಎಂದು ಎರಡೇ ಖಾನೆ ಇಟ್ಟುಕೊಂಡವರ ಪುಸ್ತಕದಲ್ಲಿ ಇದಕ್ಕೆ ಜಾಗವಿಲ್ಲ.

ಆದರೆ ಇದೇ ಕಾರಣಕ್ಕೆ ಒಂದು ತೊಡಕೂ ಇದೆ. ಊರ ಒತ್ತಾಯ ಕಟ್ಟುವಾಗ ಕೆಲಸ ಮಾಡಿದಷ್ಟು ಕಾಯುವಾಗ ಮಾಡುವುದಿಲ್ಲ. ಕಟ್ಟುವಾಗ ಡೊಳ್ಳಿದೆ, ಪ್ರಸಾದವಿದೆ, ಫೋಟೊ ಇದೆ, ಎಲ್ಲರೂ ಒಂದೇ ದಿಕ್ಕಿಗೆ ನೋಡುತ್ತಾರೆ. ಕಾಯುವುದು ವರ್ಷ ವರ್ಷದ ಒಂಟಿ ಕೆಲಸ: ಪೂರ ತಂದ ಕಸ ತೆಗೆಯುವುದು, ಸವೆದ ಕಲ್ಲು ಕಾಂಕ್ರೀಟು ನೋಡುವುದು, ಬುಡದಲ್ಲಿ ನೀರು ಕೊರೆದ ಗುಂಡಿ ಮುಚ್ಚುವುದು, ಸೋರಿಕೆ ಕಟ್ಟುವುದು. ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕನ್ನಡ ಶಾಸನಗಳಲ್ಲಿ ಕೆರೆ ಕಟ್ಟಿಸಿದ ಸುದ್ದಿಯ ಜೊತೆಯಲ್ಲೇ ಬಿತ್ತುವಟ್ಟ, ಕಟ್ಟುಗೊಡಗೆ ಎಂದು ಭೂಮಿ ಬಿಟ್ಟ ಸುದ್ದಿ ಬರುತ್ತದೆ. ಕೆರೆಯ ಕೆಳಗಿನ ಗದ್ದೆಯ ಪಾಲನ್ನು ಕೆರೆ ಕಟ್ಟಿದವರಿಗೆ, ಏರಿ ಕಾಯುವವರಿಗೆ, ಹೂಳು ಎತ್ತಿಸುವ ಕೆಲಸಕ್ಕೆ ಶಾಶ್ವತವಾಗಿ ತೆಗೆದಿಡುತ್ತಿದ್ದರು. ಹಳೆ ಮೈಸೂರಿನ ನೀರುಗಂಟಿ ಉಳಿದದ್ದೂ ಇಂಥ ಮೀಸಲಿನಿಂದಲೇ. ಕರಾವಳಿಯ ದೀಪಸ್ತಂಭಗಳೂ ಇದೇ ನಿಯಮದ ಮೇಲೆ ನಿಂತಿವೆ. ಕಾರವಾರದ ಆಚೆಯ ದೇವಗಡ ನಡುಗಡ್ಡೆಯ ದೀಪ 1864ರದು, ಕಾಪುವಿನ ಬಂಡೆಯ ಮೇಲಿನ ದೀಪ 1901ರದು. ಇಷ್ಟು ಕಾಲ ಅವು ಉಳಿದಿದ್ದರೆ ಕಲ್ಲು ಗಟ್ಟಿಯೆಂದಲ್ಲ. ದಿನವೂ ಗಾಜು ಒರೆಸಿ ಎಣ್ಣೆ ಹಾಕುವ ಕಾವಲುಗಾರನಿಗೆ ಸಂಬಳ ಬರುತ್ತಿತ್ತು, ಆ ಸಂಬಳಕ್ಕೆ ಬಂದರಿಗೆ ಬರುವ ಹಡಗುಗಳ ಸುಂಕ ಮೀಸಲಾಗಿತ್ತು. ನಮ್ಮ ದೇಶದಲ್ಲಿ 1927ರ ಲೈಟ್‌ಹೌಸ್ ಕಾಯ್ದೆ ಆ ಸುಂಕವನ್ನು ಗಟ್ಟಿ ಮಾಡಿತು, 2021ರಲ್ಲಿ ಹೊಸ ಕಾಯ್ದೆ ಬಂದ ಮೇಲೂ ಸುಂಕ ತಪ್ಪಿಲ್ಲ. ಎಣ್ಣೆ ಹೋಗಿ ವಿದ್ಯುತ್ ಬಂತು, ಹಡಗಿನವರ ಕೈಗೆ ಉಪಗ್ರಹದ ದಾರಿದರ್ಶಕ ಬಂತು. ಆದರೂ ಸ್ತಂಭಗಳಿಗೆ ಸುಣ್ಣ ಬಣ್ಣ ನಿಂತಿಲ್ಲ. ಬೆಳಕಿಗೂ ನೀರಿಗೂ ಒಂದೇ ಲೆಕ್ಕ: ಬಳಸುವವನ ಕೈಯಿಂದ ಸಣ್ಣ ಮೊತ್ತ ತಪ್ಪದೆ ಬರಬೇಕು, ಅದು ಬೇರೆ ಖರ್ಚಿಗೆ ಹರಿಯದೆ ಮೀಸಲಾಗಿ ಉಳಿಯಬೇಕು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಈಗ ಆ ಬ್ಯಾರೇಜಿನ ಅಗತ್ಯವೇ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ಮೇಲೆ ಹಿಪ್ಪರಗಿಯಲ್ಲಿ ಸರ್ಕಾರದ ಬ್ಯಾರೇಜು ನಿಂತಿದೆ. ಕೆಳಗೆ ಆಲಮಟ್ಟಿ 519.60 ಮೀಟರ್‌ವರೆಗೆ ತುಂಬಿದರೆ 123 ಟಿಎಂಸಿ ನೀರು ನಿಲ್ಲುತ್ತದೆ, ಅದರ ಹಿನ್ನೀರು ಜಮಖಂಡಿ ತಾಲ್ಲೂಕಿನ ನದಿತೀರದವರೆಗೂ ಏರಿ ಬರುತ್ತದೆ. ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ 524.256 ಮೀಟರ್‌ಗೆ ಏರಿಸಲು ಒಪ್ಪಿಗೆ ಕೊಟ್ಟಿದೆ; ಹಾಗೆ ಏರಿದ ದಿನ ಸಣ್ಣ ಬ್ಯಾರೇಜಿನ ಕಥೆ ಮುಗಿದಂತೆಯೇ ಎಂಬುದು ಅವರ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಮಳೆಗಾಲದಲ್ಲಿ, ಆಲಮಟ್ಟಿ ತುಂಬಿದ ತಿಂಗಳುಗಳಲ್ಲಿ, ಈ ದಂಡೆಗೆ ನೀರಿನ ಕೊರತೆ ಇಲ್ಲ. ಆದರೆ ಬ್ಯಾರೇಜು ಕಟ್ಟಿದ್ದೇ ಆ ತಿಂಗಳುಗಳಿಗಲ್ಲ. ಆಲಮಟ್ಟಿಯ ನೀರು ಕೆಳಗಿನ ಕಾಲುವೆಗಳಿಗೆ, ನಾರಾಯಣಪುರಕ್ಕೆ, ಕುಡಿಯುವ ನೀರಿಗೆ, ವಿದ್ಯುತ್ತಿಗೆ ಇಳಿಯುತ್ತ ಹೋದಂತೆ ಹಿನ್ನೀರು ಮೊದಲು ಬಿಟ್ಟು ಹೋಗುವುದು ಮೇಲ್ತುದಿಯ ಈ ಊರುಗಳನ್ನೇ. ದೊಡ್ಡ ಜಲಾಶಯದ ಬಾಲ ಬೇಸಿಗೆಯಲ್ಲಿ ಮೊದಲು ಒಣಗುತ್ತದೆ. ಆಗ ಹಿಂದೆ ಸರಿಯುವ ನೀರನ್ನು ಹಿಡಿದಿಟ್ಟುಕೊಳ್ಳುವ ತಡೆಯೇ ಚಿಕ್ಕಪಡಸಲಗಿ. ತಡೆಯ ಕೆಳಗೆ ಉಳಿದ ಹಿನ್ನೀರನ್ನು ರೈತರು ತಮ್ಮ ಖರ್ಚಿನಲ್ಲೇ ಪಂಪುಗಳಿಂದ ಎತ್ತಿ ಬ್ಯಾರೇಜಿನ ಮೇಲ್ಭಾಗಕ್ಕೆ ತುಂಬಿಸಿಕೊಂಡ ವರ್ಷಗಳೂ ಇವೆ. ನದಿಯನ್ನೇ ಹಿಮ್ಮುಖವಾಗಿ ಮೇಲಕ್ಕೆ ಏರಿಸುವ ಈ ಕೆಲಸಕ್ಕೆ ಪಟ್ಟಿ ಕೊಡುವ ಜನ, ಬ್ಯಾರೇಜು ಬೇಡವಾಗಿದೆ ಎಂದು ಬಗೆದವರಾಗಿರಲಾರರು. ಆಲಮಟ್ಟಿಯ ಎತ್ತರ ಹೆಚ್ಚಿದ ಮೇಲೆ ಲೆಕ್ಕ ಬದಲಾದೀತು. ಬದಲಾದರೆ ಬದಲಾಗಲಿ, ನಲವತ್ತೆರಡು ವರ್ಷ ಕಾಯ್ದ ಸೀಮೆಗೆ, ಮುಂದೆ ಎಂದೋ ಬರುವ ನೀರಿನ ಮೇಲೆ ಭರವಸೆಯಿಟ್ಟು ಇಂದು ಕೈಯಲ್ಲಿರುವುದನ್ನು ಕೆಡಲು ಬಿಡಿ ಎಂದು ಹೇಳುವ ನೈತಿಕ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ.

ಹಾಗಾದರೆ ಸರ್ಕಾರವೇ ಇದನ್ನು ವಹಿಸಿಕೊಂಡು ದುರಸ್ತಿ ಮಾಡಲಿ, ರೈತರ ಮೇಲೆ ಮತ್ತೆ ಯಾಕೆ ಹೊರೆ ಎಂಬುದು ಮೂರನೆಯ ಆಕ್ಷೇಪ. ಬೇರೆ ಊರಿನ ರೈತನಿಗೆ ಸರ್ಕಾರದ ಖಜಾನೆಯಿಂದ ಬ್ಯಾರೇಜು ಕಟ್ಟಿಕೊಟ್ಟಾಗ, ತಮ್ಮದನ್ನು ತಾವೇ ಕಟ್ಟಿಕೊಂಡವರು ದುರಸ್ತಿಯ ಖರ್ಚನ್ನೂ ಹೊರಬೇಕೆನ್ನುವುದು ಶ್ರಮಕ್ಕೆ ಕೊಟ್ಟ ಶಿಕ್ಷೆಯಾಗುತ್ತದೆ. ಈ ಮಾತಿನ ನ್ಯಾಯವನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಣದ ದೊಡ್ಡ ಪಾಲು ಸರ್ಕಾರದಿಂದಲೇ ಬರಬೇಕು. ಆದರೆ ಹಣ ಕೊಡುವುದು ಬೇರೆ, ಒಡೆತನ ಕಿತ್ತುಕೊಳ್ಳುವುದು ಬೇರೆ. ಸರ್ಕಾರದ ಕೈಗೆ ಹೋದದ್ದೆಲ್ಲ ಭದ್ರ ಎನ್ನಲು ನಮ್ಮ ಮುಂದೆ ಪುರಾವೆ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿ ಹೋಯಿತು. ತಾತ್ಕಾಲಿಕ ಗೇಟು ಇಳಿಸುವವರೆಗೆ ತುಂಬಿದ ಜಲಾಶಯದಿಂದ ಹತ್ತಾರು ಟಿಎಂಸಿ ನೀರು ಹೊರಗೆ ಬಿಡಬೇಕಾಯಿತು. ಮೂರು ರಾಜ್ಯಗಳ ಎಂಜಿನಿಯರುಗಳೂ ಒಂದು ಮಂಡಳಿಯೂ ಕಾಯುತ್ತಿದ್ದ ಅಣೆಕಟ್ಟು ಅದು. ಇನ್ನು ಸಣ್ಣ ಕಟ್ಟೆಗಳ ಪಾಡನ್ನು ಕೇಳುವುದೇ ಬೇಡ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ತಪಾಸಣೆ 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ, ಕೆಲವು ಷರತ್ತುಗಳೊಡನೆ 10ರಿಂದ 15 ಮೀಟರಿನವುಗಳಿಗೆ. ನದಿಪಾತ್ರದೊಳಗಿನ ತಗ್ಗಿನ ಬ್ಯಾರೇಜುಗಳು ಸಾಮಾನ್ಯವಾಗಿ ಅದರ ಜರಡಿಯಿಂದ ಕೆಳಗೆ ಸೋರಿಬಿಡುತ್ತವೆ. 2005, 2019ರ ಮಹಾಪೂರಗಳು ಹಾದು ಹೋದ ನದಿಯಲ್ಲಿ ನಿಂತ ಕಟ್ಟೆಯೊಂದನ್ನು ಕಾಯ್ದೆಯ ಅಳತೆಗೋಲಿಗೆ ಸಿಗಲಿಲ್ಲವೆಂದು ಪರೀಕ್ಷಿಸದೆ ಬಿಡುವುದು ಸರಿಯಲ್ಲ. ತಾಂತ್ರಿಕ ತಪಾಸಣೆಯನ್ನು ನೀರಾವರಿ ಇಲಾಖೆ ಪ್ರತಿ ವರ್ಷ ಪೂರ ಇಳಿದ ಮೇಲೆ ಮಾಡಲಿ, ವರದಿಯನ್ನು ಕನ್ನಡದಲ್ಲಿ ಬರೆದು ಪಂಚಾಯಿತಿಯ ಗೋಡೆಗೆ ಅಂಟಿಸಲಿ; ದುರಸ್ತಿಯ ತೀರ್ಮಾನ, ಗುತ್ತಿಗೆಯ ಮೇಲ್ವಿಚಾರಣೆ, ನೀರು ಹಿಡಿಯುವ ಬಿಡುವ ದಿನಗಳ ನಿರ್ಣಯ ಸಂಘದ ಕೈಯಲ್ಲಿ ಉಳಿಯಲಿ. ನೀರು ಬಳಕೆದಾರರ ಸಹಕಾರ ಸಂಘಗಳಿಗೆ ರಾಜ್ಯದ ನೀರಾವರಿ ಕಾಯ್ದೆಯಲ್ಲಿ ಈಗಾಗಲೇ ಜಾಗವಿದೆ. ಮೇಲಿನಿಂದ ಆದೇಶ ಬಂದು ಹುಟ್ಟಿದ ಎಷ್ಟೋ ಸಂಘಗಳು ಕಾಗದದ ಮೇಲೇ ಉಳಿದಿರುವಾಗ, ಕೆಳಗಿನಿಂದ ತಾನಾಗಿ ಹುಟ್ಟಿದ ಒಂದನ್ನು ಕಾನೂನು ಗುರುತಿಸಿ ಬಲ ಕೊಡಲಾರದೆ?

ನಾಲ್ಕನೆಯ ಮಾತು ಆಕ್ಷೇಪಕ್ಕಿಂತ ಹೆಚ್ಚಾಗಿ ಎಚ್ಚರಿಕೆ, ಅದನ್ನು ಮರೆಮಾಚಿದರೆ ಊರ ಚರಿತ್ರೆ ಹೊಗಳಿಕೆಯ ಪತ್ರವಾಗುತ್ತದೆ. ನಿಂತ ನೀರು ಈ ಸೀಮೆಯನ್ನು ಕಬ್ಬಿನ ಸೀಮೆಯಾಗಿ ಗಟ್ಟಿ ಮಾಡಿತು. ಪಕ್ಕದ ಹಿರೇಪಡಸಲಗಿಯಲ್ಲಿ ಸಕ್ಕರೆ ಕಾರ್ಖಾನೆ ಬಂತು, ಸುತ್ತಲ ತಾಲ್ಲೂಕುಗಳಲ್ಲಿ ಇನ್ನಷ್ಟು ಬಂದವು. ಕೈಗೆ ಕಾಸು ಬಂತು, ಮನೆ ಮಾಳಿಗೆ ಎದ್ದವು, ಮಕ್ಕಳು ಓದಿದರು. ಇದನ್ನು ಸಣ್ಣದಾಗಿ ನೋಡುವ ಹಕ್ಕು ಬರ ಉಣ್ಣದವರಿಗಿಲ್ಲ. ಆದರೆ ಎರಿ ಭೂಮಿಗೆ ವರ್ಷವಿಡೀ ನೀರು ಬಿಟ್ಟರೆ ಬಸಿ ಹೋಗದೆ ಸವಳು ಜವಳಾಗುತ್ತದೆ, ಕೃಷ್ಣಾ ಘಟಪ್ರಭಾ ಕೊಳ್ಳದಲ್ಲಿ ಅದು ಕಣ್ಣಿಗೆ ಕಾಣುವ ರೋಗ. ಮತ್ತೊಂದು, ನೀರಿನ ಲಾಭ ಮೊದಲು ಸೇರುವುದು ದಂಡೆಯಲ್ಲಿ ಹೊಲವಿದ್ದವರಿಗೆ, ಪಂಪು ಇದ್ದವರಿಗೆ. ಮಡ್ಡಿಯ ಮೇಲಿನ ಒಣಭೂಮಿಯವನಿಗೆ, ಭೂಮಿಯೇ ಇಲ್ಲದ ಕೂಲಿಯವನಿಗೆ ಅದು ಸುತ್ತಿ ಬಳಸಿ ಬರುತ್ತದೆ. ಶ್ರಮದಾನದಲ್ಲಿ ಬೆವರು ಕೊಟ್ಟವರಲ್ಲಿ ಅವರೂ ಇದ್ದರು. ಇವೆರಡಕ್ಕೂ ಉತ್ತರ ಬ್ಯಾರೇಜನ್ನು ಕಡೆಗಣಿಸುವುದಲ್ಲ, ಅದರ ಕಟ್ಟಳೆಗಳನ್ನು ಬಿಗಿ ಮಾಡುವುದು: ಹನಿ ನೀರಾವರಿಗೆ ಇಳಿದವನಿಗೆ ಪಟ್ಟಿಯಲ್ಲಿ ರಿಯಾಯಿತಿ, ಹೆಚ್ಚು ಅಶ್ವಶಕ್ತಿಯ ಪಂಪಿಗೆ ಹೆಚ್ಚು ಪಟ್ಟಿ, ಬೇಸಿಗೆಯ ಕೊನೆಯ ನೀರು ಕುಡಿಯಲು ಮತ್ತು ದನಕರುಗಳಿಗೆ ಮೀಸಲು, ಸಂಘದ ಸಭೆಯಲ್ಲಿ ಭೂಮಿಯಿಲ್ಲದವರಿಗೂ ಒಂದು ದನಿ. ಕಟ್ಟುವಾಗ ನ್ಯಾಯ ಹಂಚಿದ ಊರಿಗೆ ಬಳಸುವಾಗ ಹಂಚುವುದು ಅಸಾಧ್ಯವಲ್ಲ.

ಕೊನೆಯದಾಗಿ ಜೀರ್ಣೋದ್ಧಾರದ ಬಗ್ಗೆ. ಎಡಿಸ್ಟೋನ್ ಬಂಡೆಯ ಮೇಲೆ ಜಾನ್ ಸ್ಮೀಟನ್ 1759ರಲ್ಲಿ ಕಟ್ಟಿದ ಕಲ್ಲಿನ ದೀಪಸ್ತಂಭ ನೂರು ವರ್ಷ ದಾಟಿದ ಮೇಲೂ ಗಟ್ಟಿಯಾಗಿತ್ತು. ಸವೆದದ್ದು ಅದರ ಕೆಳಗಿನ ಬಂಡೆ. ಹೊಸ ಸ್ತಂಭ ಪಕ್ಕದಲ್ಲಿ 1882ರಲ್ಲಿ ಬಂದಾಗ ಹಳೆಯದರ ಮೇಲ್ಭಾಗವನ್ನು ಕಲ್ಲು ಕಲ್ಲು ಬಿಚ್ಚಿ, ಪ್ಲಿಮತ್ ಊರಿನ ದಿಬ್ಬದ ಮೇಲೆ ಜನರ ವಂತಿಗೆಯಿಂದಲೇ ಮತ್ತೆ ಕಟ್ಟಿದರು. ಬೆಳಕಿನ ಅಗತ್ಯ ತೀರಿದ ಮೇಲೂ ಅದರ ಚರಿತ್ರೆ ತಮ್ಮದೆಂದು ಆ ಊರು ಭಾವಿಸಿತು. ಚಿಕ್ಕಪಡಸಲಗಿಯದು ಇನ್ನೂ ದುಡಿಯುತ್ತಿರುವ ಕಟ್ಟೆ, ಅದಕ್ಕೆ ಬೇಕಾದದ್ದು ನೆನಪಿನ ಕಲ್ಲಿಗಿಂತ ಮೊದಲು ಕಾಂಕ್ರೀಟಿನ ತಪಾಸಣೆ. ಆದರೆ ನೆನಪಿನ ಕೆಲಸಕ್ಕೂ ಹೊತ್ತು ಮೀರುತ್ತಿದೆ. 1989ರಲ್ಲಿ ಮೂವತ್ತರ ಹರೆಯದಲ್ಲಿ ನದಿಗೆ ಇಳಿದು ಕಲ್ಲು ಹೊತ್ತವರಿಗೆ ಈಗ ಅರವತ್ತೈದು ದಾಟಿದೆ. ಯಾವ ಊರಿನಿಂದ ಯಾವ ದಿನ ಎಷ್ಟು ಆಳು ಬಂದರು, ಪಟ್ಟಿ ಹೇಗೆ ಹಾಕಿದರು, ಕೊಡಲೊಲ್ಲದವರನ್ನು ಹೇಗೆ ಒಪ್ಪಿಸಿದರು, ಅಡುಗೆ ಮಾಡಿ ಬುತ್ತಿ ಕಳಿಸಿದ ಹೆಣ್ಣುಮಕ್ಕಳು ಯಾರು, ಜಗಳ ಬಂದಾಗ ಯಾರು ನಿಂತು ಬಿಡಿಸಿದರು ಎಂಬುದು ಅವರ ಬಾಯಲ್ಲಿದೆ. ಪತ್ರಿಕೆಗಳು ಒಬ್ಬ ನಾಯಕನ ಹೆಸರು ಉಳಿಸಿಕೊಂಡಿವೆ, ಅದು ಸಾಲದು. ಮನೆಯ ಪೆಟ್ಟಿಗೆಯಲ್ಲಿ ಪಟ್ಟಿಯ ರಸೀದಿ, ಸಭೆಯ ಠರಾವು ಪುಸ್ತಕ, ಶ್ರಮದಾನದ ಫೋಟೊ ಇಟ್ಟುಕೊಂಡವರು ಅವುಗಳ ನಕಲನ್ನು ಸಂಘಕ್ಕೆ, ಪಂಚಾಯಿತಿಯ ಗ್ರಂಥಾಲಯಕ್ಕೆ ಕೊಡಬೇಕು. ಜಮಖಂಡಿ, ಬನಹಟ್ಟಿಯ ಕಾಲೇಜುಗಳ ಇತಿಹಾಸ ವಿಭಾಗದವರು ವಿದ್ಯಾರ್ಥಿಗಳನ್ನು ಕಳಿಸಿ ಹಿರಿಯರ ಮಾತನ್ನು ದಾಖಲಿಸಿಕೊಳ್ಳಬೇಕು. ನೀರಾವರಿ ಇಲಾಖೆ ತನ್ನ ಮುಂದಿನ ಅಂದಾಜುಪಟ್ಟಿಯಲ್ಲಿ ಈ ಬ್ಯಾರೇಜಿನ ಬುಡದ ಪರೀಕ್ಷೆಗೆ ಹಣ ತೆಗೆದಿಡಬೇಕು. ಮೂರೂ ಕೆಲಸಗಳು ಮುಂದಿನ ಪೂರ ಬರುವ ಮೊದಲೇ ಶುರುವಾಗಲಿ.